ಮಳೆಗಾಲ ಮುಗಿಯುವವರೆಗೆ ಕೇಳಿದ ಸಮಯ

ಮೂಡುಬಿದಿರೆಯ ಹತ್ತಿರ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ಶಾಲೆಯಲ್ಲಿ ನಾನು ಟೀಚರು. ಆ ವರ್ಷ ಬೆಳ್ತಂಗಡಿಯ ಒಂದು ಸಾಮಾನ್ಯ ಹೈಸ್ಕೂಲಿನಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಅಲ್ಲಿಯವರು ಜೂನ್‌ನಲ್ಲಿ ಶುರುಮಾಡಿದ ಪಾಠವನ್ನು ಮಾರ್ಚ್‌ನಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ಅಂಗಿಯ ಗುಂಡಿ ಹಾಕಲು ಕಲಿಸಿರುತ್ತೇವೆ, ದಸರಾ ರಜೆ ಕಳೆದು ಬಂದರೆ ಮತ್ತೆ ಮೊದಲಿನಿಂದ. ವೇಣೂರಿನ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ನನಗೆ ನಿಜವಾಗಿ ಕಲಿಸಲು ಬರುತ್ತದೆಯೇ ಎಂದು ಕೇಳಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು.

ಅದೇ ಹೊತ್ತಿಗೆ ನನ್ನ ತರಗತಿಯ ಹುಡುಗಿಯೊಬ್ಬಳು ಬರುವುದು ನಿಂತಿತು. ವಿಚಾರಿಸಲು ಶಿರ್ತಾಡಿಯ ಅವಳ ಮನೆಗೆ ಹೋದೆ. ಅವಳಿಗೆ ಮಾತು ಬರುವುದಿಲ್ಲ. ನನ್ನನ್ನು ಕಂಡದ್ದೇ ಬಂದು ಕೈಯ ಚೀಲ ಹಿಡಿದುಕೊಂಡಳು. ತಾಯಿ ಒಳಗೆ ಕೂರಿಸಿ, ಮಗಳು ದೊಡ್ಡವಳಾಗಿದ್ದಾಳೆ ಎಂದರು. ಪ್ಯಾಡ್ ಇಟ್ಟರೆ ಕಿತ್ತು ಅಂಗಳಕ್ಕೆ ಎಸೆಯುತ್ತಾಳಂತೆ. ಗಂಡ ದುಬೈಯಲ್ಲಿ; ಇಬ್ಬರೂ ಫೋನಿನಲ್ಲೇ ಮಾತಾಡಿ ತೀರ್ಮಾನಿಸಿದ್ದರು.

"ಗರ್ಭಕೋಶ ತೆಗೆಸಿಬಿಡುವ ಅಂತ ಉಂಟು ಟೀಚರೇ. ನಾನಿರುವವರೆಗೆ ನೋಡ್ತೇನೆ. ಆಮೇಲೆ ಇವಳಿಗೆ ಯಾರುಂಟು?"

ಮಳೆಗಾಲ ಮುಗಿಯುವವರೆಗೆ ಸಮಯ ಕೊಡಿ, ನಾನು ಕಲಿಸುತ್ತೇನೆ ಎಂದುಬಿಟ್ಟೆ.

"ಕಲೀತಾಳಾ?"

"ಕಲೀತಾಳೆ" ಎಂದೆ.

ಅವಳು ಮತ್ತೆ ಶಾಲೆಗೆ ಬಂದಳು. ಮೊದಲು ಗೊಂಬೆಗೆ ಒಳಉಡುಪು ಹಾಕಿ, ಕೆಂಪು ಬಣ್ಣ ಹಚ್ಚಿ ತೋರಿಸಿದೆ. ಗೊಂಬೆಯನ್ನು ಎಸೆದಳು. ಒಣ ಪ್ಯಾಡನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿರುವುದನ್ನು ರೂಢಿಸಲು ಹೊರಟರೆ ನನ್ನ ತೋಳು ಕಚ್ಚಿದಳು. ಶಾಲೆಯ ಆಯಾ ಡೆಟಾಲ್ ತಂದುಕೊಟ್ಟರು. ಮನೆಯಲ್ಲಿ ತುಂಬುತೋಳಿನ ರವಿಕೆ ಹಾಕಿಕೊಂಡು ಓಡಾಡಿದೆ. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ನನ್ನ ಒಂದು ಮಾತನ್ನು ನಂಬಿ ಆ ತಾಯಿ ಆಸ್ಪತ್ರೆಗೆ ಹೋಗದೆ ಉಳಿದಿದ್ದರು.

ಸಂದರ್ಶನ ಚೆನ್ನಾಗಿಯೇ ಆಯಿತು. ಮುಂದಿನ ಸೋಮವಾರವೇ ಸೇರಿಕೊಳ್ಳಿ ಎಂದರು. ನಾನು ಮಳೆಗಾಲ ಕಳೆಯಲಿ ಎಂದೆ. ಅಷ್ಟು ಕಾಯಲಾಗದು ಎಂದು ಮುಖ್ಯೋಪಾಧ್ಯಾಯರು ನಯವಾಗಿಯೇ ಹೇಳಿದರು. ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು ವಾಪಸು ಬಂದೆ. ದೊಡ್ಡ ತ್ಯಾಗ ಮಾಡಿದೆ ಅಂತೇನೂ ಅನ್ನಿಸಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಾಗಲಿಲ್ಲ.

ದಸರಾ ರಜೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ, ಪಾಠದ ನಡುವೆ ಹುಡುಗಿ ಎದ್ದು ಕಪಾಟಿನಿಂದ ಪ್ಯಾಡ್ ತೆಗೆದು ನನ್ನ ಸೆರಗು ಜಗ್ಗಿದಳು. ಬಚ್ಚಲಿನಲ್ಲಿ ತಾನೇ ಅಂಟಿಸಿಕೊಂಡಳು, ಸೊಟ್ಟಗೆ. ನಾನು ಸರಿಮಾಡಲು ಹೋಗಲಿಲ್ಲ.

ಈಗಲೂ ಬಳಸಿದ್ದನ್ನು ಕಾಗದದಲ್ಲಿ ಸುತ್ತಲು ಯಾರಾದರೂ ಜೊತೆಗಿರಬೇಕು. ಕೆಲವು ತಿಂಗಳು ಎಲ್ಲವೂ ಕೆಡುತ್ತದೆ. ಆಪರೇಷನ್ ಸದ್ಯಕ್ಕೆ ಬೇಡ ಎಂದಿದ್ದಾರೆ ತಾಯಿ. ಆ 'ಸದ್ಯಕ್ಕೆ' ನನ್ನನ್ನು ಕೂರಲು ಬಿಡುವುದಿಲ್ಲ. ಬಂಟ್ವಾಳದ ಒಂದು ಸಾಮಾನ್ಯ ಶಾಲೆಯಲ್ಲಿ ಹುದ್ದೆ ಖಾಲಿ ಇದೆಯೆಂದು ಮೊನ್ನೆ ಕೇಳಿದೆ. ಅರ್ಜಿ ಹಾಕಿಲ್ಲ, ಹಾಕುವುದಿಲ್ಲ ಎಂದು ಹೇಳುವ ಧೈರ್ಯವೂ ಇಲ್ಲ.