ಬಿಚ್ಚಿಕೊಂಡು ಬಂದ ದಾರಿ

ಹೋದ ವಾರ ಹಳೆಯ ಜರ್ಕಿನ್ ಒಗೆಯಲು ತೆಗೆದಾಗ ಅದರ ಜೇಬಿನಲ್ಲಿ ಕಡು ಗುಲಾಬಿ ಬಣ್ಣದ ಬಟ್ಟೆಯ ಪಟ್ಟಿಯೊಂದು ಸಿಕ್ಕಿತು. ಬೆರಳಗಲ, ಮೊಳದುದ್ದ. ಮೂಗಿನ ಹತ್ತಿರ ಹಿಡಿದು ನೋಡಿದೆ. ಮಷಿನ್ ಎಣ್ಣೆಯ ವಾಸನೆ ಇನ್ನೂ ಇತ್ತು... ಅಥವಾ ಇದೆ ಎಂದು ನನಗೇ ಅನ್ನಿಸಿತೋ ಏನೋ.

ಅದನ್ನು ಕೊಟ್ಟವರು ನಮ್ಮ ಕೆಳಗಿನ ಮನೆಯಲ್ಲಿದ್ದ ಕಟಿಂಗ್ ಮಾಸ್ಟರ್. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಗಾರ್ಮೆಂಟ್ಸಿನಲ್ಲಿ ಅವರು ಬಟ್ಟೆ ಕತ್ತರಿಸುತ್ತಿದ್ದರು. ನಾನು ಅಲ್ಲೇ ಚೆಕಿಂಗ್‌ನಲ್ಲಿದ್ದೆ. ಹೊಲಿದು ಬಂದ ಅಂಗಿಗಳಲ್ಲಿ ಉಳಿದ ದಾರ ಕತ್ತರಿಸುವುದು, ಕತ್ತರಿಸಲು ಎಳೆದ ಚಾಕ್‌ಪೀಸಿನ ಗೆರೆ ಎಲ್ಲಾದರೂ ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ.

ಆ ಪಟ್ಟಿ ಕೊಟ್ಟ ದಿನ ಶನಿವಾರ. ಕೆಲಸ ಬಿಟ್ಟು ಬಂದು ನಾನು ಮೆಟ್ಟಿಲು ಹತ್ತುತ್ತಿದ್ದೆ. ಮಾಸ್ಟರ್ ಬಾಗಿಲಲ್ಲಿ ಕುಳಿತು, ಗಾರ್ಮೆಂಟ್ಸಿನಿಂದ ತಂದಿದ್ದ ಬಟ್ಟೆಯ ಅಂಚುಗಳನ್ನು ಕತ್ತರಿಸಿ ಪಟ್ಟಿ ಮಾಡುತ್ತಿದ್ದರು. "ಬಾರಮ್ಮ ಇಲ್ಲಿ. ಈ ಬಣ್ಣ ಕಾಡಲ್ಲಿ ಕಾಣುತ್ತಾ?" ಅಂದರು.

"ಮಾಗಡಿ ರೋಡಿಂದ್ಲೂ ಕಾಣುತ್ತೆ ಮಾಸ್ಟರ್."

"ಹಂಗಾದ್ರೆ ಸರಿ. ಒಂದು ನೀನಿಟ್ಕೋ, ಹತ್ತೋವಾಗ ಮರೀಬೇಡ."

ಒಳಗೆ ಅವರ ಹೆಂಡತಿ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಗೋಡೆ ಹಿಡಿದು ನಡೆದು ನೋಡುತ್ತಿದ್ದರು. ಅವರನ್ನು ನಾನು ಅಕ್ಕ ಅನ್ನುತ್ತಿದ್ದೆ. "ನೋಡೇ, ಈ ವಯಸ್ಸಲ್ಲಿ ನಂಗೆ ಶೂ ಹಾಕ್ಸಿ ಬೀದಿಯೋರೆಲ್ಲಾ ನಗೋ ಹಾಗೆ ಮಾಡ್ತಾ ಇದಾರೆ ನಿಮ್ಮ ಮಾಸ್ಟರ್," ಅಂದರು. ಮಾಸ್ಟರ್ ತಲೆ ಎತ್ತದೆ, "ನಗಲಿ ಬಿಡೇ. ಆ ಬಂಡೆ ಮೇಲೆ ನಿಂತ್ಕೊಂಡು ಒಂದ್ಸಲ ಸಮುದ್ರ ನೋಡು, ಆಮೇಲೆ ನೀನು ಯಾರನ್ನಾದ್ರೂ ನೋಡ್ಕೊಂಡು ನಗು," ಅಂದರು.

ಮುಂದಿನ ವಾರ ನಾವು ಕಾರವಾರಕ್ಕೆ ಹೊರಡುವುದಿತ್ತು. ಅಕ್ಕ ಮೊದಲ ಸಲ ಬರುವವರಿದ್ದರು. ಅಷ್ಟು ವರ್ಷವೂ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಬಿಟ್ಟು ಅವರು ಒಂದು ರಾತ್ರಿಯೂ ಎಲ್ಲಿಗೂ ಹೋದವರಲ್ಲ. ಆ ಮುದುಕಿ ತೀರಿಕೊಂಡು, ವರ್ಷದ ಕಾರ್ಯವೂ ಮುಗಿದಿತ್ತು.

ಸೋಮವಾರ ಬೆಳಿಗ್ಗೆ ಮಾಸ್ಟರ್ ಕಟಿಂಗ್ ಟೇಬಲ್ ಹತ್ತಿರ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೋಗಿಬಿಟ್ಟಿದ್ದರು. ಹೃದಯ ನಿಂತಿತ್ತು ಎಂದರು.

ಮಾಸ್ಟರ್ ಹುಡುಗರಾಗಿದ್ದಾಗ ಕಾರವಾರದ ಪೇಟೆಯಲ್ಲಿ ಒಂದು ಟೈಲರ್ ಅಂಗಡಿಯಲ್ಲಿ ಕೆಲಸ ಕಲಿತಿದ್ದರಂತೆ. ರಜೆ ಸಿಕ್ಕಾಗಲೆಲ್ಲ ಊರಿನ ಸುತ್ತಲಿನ ಗುಡ್ಡಗಳನ್ನು ಹತ್ತುತ್ತಿದ್ದರು. ಬೆಂಗಳೂರಿಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಪ್ರತಿ ಚಳಿಗಾಲ ಗಾರ್ಮೆಂಟ್ಸಿನ ನಾಲ್ಕಾರು ಜನರನ್ನು ಕೂಡಿಸಿಕೊಂಡು ಬಸ್ಸು ಹತ್ತಿಸುತ್ತಿದ್ದರು. ಕಾರವಾರದಲ್ಲಿ ಒಂದು ಕಡೆ ಸಮುದ್ರ, ಮಿಕ್ಕ ಕಡೆ ಗುಡ್ಡ. ಬಸ್ಸಿಳಿದು ಮುಖ ತೊಳೆದು ತಿಂಡಿ ತಿಂದರೆ, ಮುಂದೆ ಹತ್ತುವುದೇ.

ನಾನು ಹೋದ ಮೊದಲ ವರ್ಷ ಕಾಳಿ ನದಿಯ ಸೇತುವೆ ದಾಟಿಸಿ ಕೋಟೆಯ ಗುಡ್ಡ ಹತ್ತಿಸಿದರು. ಅದು ಸುಲಭ, ಚಪ್ಪಲಿಯಲ್ಲೇ ಹತ್ತಿದೆ. ಮರುವರ್ಷ ಊರಿನ ಹಿಂದಿನ ದೊಡ್ಡ ಗುಡ್ಡ. ಏರು ಜಾಸ್ತಿ, ಆದರೆ ಎಲ್ಲರೂ ನಡೆದು ನಡೆದು ದಾರಿ ಸವೆದಿದೆ, ತಪ್ಪುವ ಭಯವಿಲ್ಲ. ಮೂರನೆಯದು ಮಾಸ್ಟರ್ ತಾವೇ ಹುಡುಕಿಕೊಂಡದ್ದು. ಒಂದು ಹಳ್ಳದ ಗುಂಟ ಹೋಗಬೇಕು, ಎಲ್ಲೋ ಒಂದು ಕಡೆ ಹಳ್ಳ ಬಿಟ್ಟು ಕಾಡಿನೊಳಗೆ ತಿರುಗಬೇಕು, ಆಮೇಲೆ ಬಹಳ ತಿರುವುಗಳು... ಕೊನೆಗೆ ಮರಗಳು ಮುಗಿದು ಒಂದು ಬೋಳು ಬಂಡೆ. ಅಲ್ಲಿ ನಿಂತರೆ ನದಿ ಬಂದು ಸಮುದ್ರ ಸೇರುವುದು, ಸೇತುವೆ, ದೂರದ ದ್ವೀಪಗಳು, ಊರಿನ ಹಂಚಿನ ಮಾಡುಗಳು ಎಲ್ಲ ಕಾಣುತ್ತಿದ್ದವು. ಆ ಬಂಡೆಗೆ ಹೋದ ಮೇಲೆ ನಾವು ಬೇರೆ ಗುಡ್ಡಕ್ಕೆ ಹೋಗಲಿಲ್ಲ. ಮಾಸ್ಟರ್ ಅಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿ ನಿಂತು, ಇಳಿಯುವ ಮೊದಲು, "ಇದನ್ನ ಅವಳಿಗೊಂದ್ಸಲ ತೋರಿಸ್ಬೇಕು," ಅನ್ನುತ್ತಿದ್ದರು. ಪ್ರತಿ ವರ್ಷ ಅದೇ ಮಾತು.

ಅಲ್ಲಿಯ ಮಳೆಗೆ ದಾರಿಯೆಲ್ಲ ಮುಚ್ಚಿಹೋಗುತ್ತಿತ್ತು. ಅದಕ್ಕೇ ಆ ಪಟ್ಟಿಗಳು. ಹತ್ತುವಾಗ ಮಾಸ್ಟರ್ ಮುಂದೆ. ತಿರುವು ಬಂದಲ್ಲೆಲ್ಲ ಕೊಂಬೆಗೆ ಒಂದು ಪಟ್ಟಿ ಕಟ್ಟುತ್ತಿದ್ದರು. ಇಳಿಯುವಾಗ ನಾನು ಎಲ್ಲರಿಗಿಂತ ಹಿಂದೆ, ಅವನ್ನೆಲ್ಲ ಬಿಚ್ಚಿಕೊಂಡು ಬರಬೇಕು. ಒಂದೂ ಉಳಿಯಬಾರದು. ಚೆಕಿಂಗ್‌ನವಳು ಎಂದು ಆ ಕೆಲಸ ನನಗೇ ಕೊಟ್ಟಿದ್ದರು. ನಮ್ಮ ಜೊತೆ ಇಸ್ತ್ರಿ ಮಾಡುವ ಅಣ್ಣ ಒಬ್ಬರು ಬರುತ್ತಿದ್ದರು. ಅವರಿಗೆ ಇದು ಸರಿ ಕಾಣುತ್ತಿರಲಿಲ್ಲ.

"ಇರ್ಲಿ ಬಿಡಿ ಮಾಸ್ಟರ್. ಮುಂದಿನ್ವರ್ಷ ನಮಗೇ ಬೇಕಾಗುತ್ತೆ."

"ಬಟ್ಟೆ ಮೇಲೆ ಗೆರೆ ಎಳೀತೀವಿ. ಅಂಗಿ ಆದ್ಮೇಲೆ ಆ ಗೆರೆ ಹಂಗೇ ಇಟ್ಕೊಂಡು ಮಾರ್ತೀವೇನಯ್ಯ?"

"ಅದೇ ಅಂಗಿ ಯಾರೂ ತಿರ್ಗಾ ಹೊಲಿಯಲ್ಲ. ಇಲ್ಲಿಗೆ ನಾವು ತಿರ್ಗಾ ಬರ್ತೀವಲ್ಲ?"

"ಬಂದಾಗ ತಿರ್ಗಾ ಕಟ್ಟಕ್ಕೆ ನಾನಿದೀನಲ್ಲ. ನೀನ್ಯಾಕೆ ಒದ್ದಾಡ್ತೀಯ? ನಡಿ, ಹೊಟ್ಟೆ ಹಸೀತಾ ಇದೆ."

ಎಲ್ಲರೂ ನಕ್ಕಿದ್ದೆವು. ನಾನು ಬಿಚ್ಚಿಕೊಂಡು ಬಂದೆ.

ಮಾಸ್ಟರ್ ತೀರಿಕೊಂಡು ಒಂದು ವರ್ಷ ಅಕ್ಕ ಕಾರವಾರದ ಸುದ್ದಿ ಎತ್ತಲಿಲ್ಲ. ಆಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಹೋಗೋಣ ಕಣೇ," ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. "ವರ್ಷಾ ವರ್ಷಾ ಹೋಗ್ತಿದ್ರು. ಬಂದು ಒಂದು ವಾರ ಅದೇ ಮಾತು. ನಾನು ಹ್ಞೂಂ ಹ್ಞೂಂ ಅಂದ್ಕೊಂಡು ಅತ್ತೆಗೆ ಗಂಜಿ ಕುಡಿಸ್ತಾ ಇದ್ದೆ. ಈಗ ಆ ಜಾಗ ನೋಡ್ದೆ ಇದ್ರೆ ಆ ಮನುಷ್ಯ ಎಲ್ಲಿ ಹೋಗಿ ನಿಂತ್ಕೊತಿದ್ರು ಅಂತಾನೇ ನಂಗೆ ಗೊತ್ತಾಗಲ್ವಲ್ಲೇ."

ಅಕ್ಕ, ನಾನು, ಇಸ್ತ್ರಿ ಅಣ್ಣ ಹೋದೆವು. ಹಳ್ಳದವರೆಗೆ ಏನೂ ಕಷ್ಟವಾಗಲಿಲ್ಲ. ಅಕ್ಕ ನನಗಿಂತ ಚೆನ್ನಾಗಿ ನಡೆದರು. ಹಳ್ಳ ಬಿಡುವ ಜಾಗ ಬಂತು ಎನ್ನುವಲ್ಲಿ ನಾವು ನಿಂತೆವು.

"ಇಲ್ಲೊಂದು ದೊಡ್ಡ ಮರ ಇತ್ತಲ್ವೇನಮ್ಮ?" ಅಂದರು ಅಣ್ಣ.

"ಎಲ್ಲಾ ದೊಡ್ಡ ಮರಾನೇ ಅಣ್ಣ."

ಅವರು ಎಡಕ್ಕೆ ಅಂದರು. ನನಗೆ ಇನ್ನೂ ಮುಂದೆ ಅನ್ನಿಸಿತು. ಅಷ್ಟು ವರ್ಷ ಆ ದಾರಿಯಲ್ಲಿ ಬಂದಾಗ ನಾನು ನೋಡಿದ್ದು ಪಟ್ಟಿಯ ಬಣ್ಣವನ್ನು. ಒಂದನ್ನು ಬಿಚ್ಚಿದರೆ ಮುಂದಿನದು ಎಲ್ಲಿದೆ ಎಂದು ಕಣ್ಣು ಹೋಗುತ್ತಿತ್ತು. ನಡುವೆ ಇದ್ದ ಮರ, ಕಲ್ಲು, ಇಳಿಜಾರು ಯಾವುದೂ ನೆನಪಿನಲ್ಲಿ ಉಳಿದಿರಲಿಲ್ಲ. ಮೊಬೈಲಿನ ಮ್ಯಾಪಿನಲ್ಲಿ ಬರೀ ಹಸಿರು. ಹಳೆಯ ಫೋಟೋಗಳನ್ನೂ ತೆಗೆದು ನೋಡಿದೆವು. ಎಲ್ಲದರಲ್ಲೂ ನಮ್ಮ ಮುಖ, ಹಿಂದೆ ಸಮುದ್ರ. ದಾರಿಯ ಫೋಟೋ ಯಾರು ತೆಗೆಯುತ್ತಾರೆ... ಸೌದೆ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬರನ್ನು ಬಂಡೆಯ ಬಗ್ಗೆ ಕೇಳಿದೆವು. "ಯಾವ ಬಂಡೆ?" ಎಂದು ಅವರೇ ನಮ್ಮನ್ನು ಕೇಳಿದರು. ಅದಕ್ಕೆ ನಮ್ಮ ಹತ್ತಿರ ಹೆಸರಿರಲಿಲ್ಲ.

ಎಡಕ್ಕೆ ಹೋದೆವು, ಬೆತ್ತದ ಮುಳ್ಳು ಅಡ್ಡ ಬಂತು. ವಾಪಸ್ಸು ಬಂದು ಮುಂದಕ್ಕೆ ಹೋದೆವು, ಕೆಳಗೆ ಕಣಿವೆ. ಹೀಗೇ ಮಧ್ಯಾಹ್ನ ಕಳೆಯಿತು. ಅಕ್ಕ ಹಳ್ಳದ ಪಕ್ಕ ಒಂದು ಕಲ್ಲಿನ ಮೇಲೆ ಕುಳಿತು ಶೂ ಬಿಚ್ಚಿ ನೀರಿಗೆ ಕಾಲು ಬಿಟ್ಟರು.

"ಮನೇಲೂ ಹಿಂಗೇ," ಅಂದರು. "ಬೀಗದ ಕೈ ಎಲ್ಲಿಟ್ಟಿದೀರಾ ಅಂದ್ರೆ, ನಾನೇ ಕೊಡ್ತೀನಿ ಇರು ಅಂತಿದ್ರೇ ಹೊರತು ಎಲ್ಲಿದೆ ಅಂತ ಬಾಯ್ಬಿಡ್ತಿರ್ಲಿಲ್ಲ."

ನಾವು ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ನಕ್ಕ ಮೇಲೆ ನಕ್ಕೆವು. ಅಣ್ಣ ಆಕಾಶ ನೋಡಿ, ಬೆಳಕಿರುವಾಗಲೇ ಇಳಿಯೋಣ ಅಂದರು.

ಮರುದಿನ ಅವರನ್ನು ಕೋಟೆಯ ಗುಡ್ಡಕ್ಕೆ ಕರೆದುಕೊಂಡು ಹೋದೆವು. ಅಲ್ಲಿಂದಲೂ ನದಿ, ಸೇತುವೆ, ಸಮುದ್ರ ಎಲ್ಲ ಚೆನ್ನಾಗಿ ಕಾಣುತ್ತದೆ. ಅಕ್ಕ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ," ಅಂದರು. ಸ್ವಲ್ಪ ಬಿಟ್ಟು, "ಆದ್ರೆ ಇದಲ್ವಲ್ಲ," ಅಂದರು.

ಮರುವರ್ಷ ಇನ್ನೊಮ್ಮೆ ಹೋಗಿ ಹುಡುಕಿದೆವು. ಆ ಸಲವೂ ಹಳ್ಳದಿಂದಲೇ ವಾಪಸ್ಸು ಬಂದೆವು.

ಈಗ ಆ ಗಾರ್ಮೆಂಟ್ಸ್ ಮುಚ್ಚಿದೆ. ಇಸ್ತ್ರಿ ಅಣ್ಣ ಇಲ್ಲೇ ಬೆಂಗಳೂರಿನ ಉಲ್ಲಾಳದ ಕಡೆ ಸ್ವಂತ ಅಂಗಡಿ ಇಟ್ಟಿದ್ದಾರೆ. ಅಕ್ಕ ಮಹಾಲಕ್ಷ್ಮಿ ಲೇಔಟಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಚಳಿ ಶುರುವಾದರೆ ಫೋನ್ ಮಾಡುತ್ತಾರೆ, ಅದೂ ಇದೂ ಮಾತಾಡುತ್ತಾರೆ. ಮಂಡಿ ಸವೆದಿದೆ, ಗುಡ್ಡ ಹತ್ತುವುದಿರಲಿ, ಮೆಟ್ಟಿಲೇ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರಂತೆ.

ಅಕ್ಕ ಸಮುದ್ರ ನೋಡಿದ್ದಾರೆ. ಮಾಸ್ಟರ್ ನಿಂತು ನೋಡುತ್ತಿದ್ದ ಕಡೆಯಿಂದ ನೋಡಿಲ್ಲ.