ಕೇಣಿಗೆ ಬೀಗ ಹಾಕಿದ ಪಕ್ಷ

ಮೈಸೂರಿನಲ್ಲಿ ಬಿ.ಎ. ಮುಗಿಸಿ ನಾನು ಊರಿಗೆ ಮರಳಿದ ಬೇಸಿಗೆಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಒಂದೇ ಮಾತು ನಡೆಯುತ್ತಿತ್ತು. ಪಕ್ಷಕ್ಕೆ ಹೊಸಬರನ್ನು ಸೇರಿಸಿಕೊಳ್ಳಬೇಕೇ, ಇದ್ದ ಹಾಗೆಯೇ ಗಟ್ಟಿಯಾಗಿ ನಿಲ್ಲಬೇಕೇ ಎಂಬ ಮಾತು. ಪಕ್ಷವೆಂದರೆ ದೊಡ್ಡದೇನಲ್ಲ. ಮಲಯಾಳ ಸೀಮೆಯ ಅಂಚಿನಲ್ಲಿದ್ದ ನಮ್ಮ ಚೇಕಾಡಿಯ ಸುತ್ತಮುತ್ತ ಗದ್ದೆಯಿದ್ದ ಕೆಲವು ಮನೆತನಗಳು ಸೇರಿ ಕಟ್ಟಿಕೊಂಡದ್ದು. ದೇವರು, ನೆಲ, ಹಿರೀಕರ ನಡೆ, ಇವನ್ನು ಕಾಯುವುದಷ್ಟೇ ಅದರ ಕೆಲಸವೆಂದು ಅಪ್ಪ ಹೇಳುತ್ತಿದ್ದರು. ಅಪ್ಪ ಅದರ ಅಧ್ಯಕ್ಷರು. ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಕಾರ್ಯದರ್ಶಿ. ಪಂಚಾಯಿತಿ ಚುನಾವಣೆ ಹತ್ತಿರ ಬಂದಿತ್ತು.

ಹೊಸಬರೆಂದರೆ ತಿರುವಾಂಕೂರಿನ ಕಡೆಯಿಂದ ಬಂದವರು. ನಾನು ಓದಲು ಹೋಗುವಾಗ ಗದ್ದೆಯ ಆಚೆಯ ಗುಡ್ಡದಲ್ಲಿ ಬಿದಿರು ಮೆಳೆಯಿತ್ತು. ತಿರುಗಿ ಬರುವಷ್ಟರಲ್ಲಿ ಅಲ್ಲಿ ಮರಗೆಣಸು ಬೆಳೆದಿತ್ತು, ನಿಂಬೆಹುಲ್ಲಿನ ಎಣ್ಣೆ ಇಳಿಸುವ ಒಲೆಗಳ ಹೊಗೆ ಏಳುತ್ತಿತ್ತು, ಹುಲ್ಲು ಹೊದಿಸಿದ ಗುಡಿಸಲುಗಳ ನಡುವೆ ಒಂದು ಮರದ ಶಿಲುಬೆಯೂ ನಿಂತಿತ್ತು. ಬಂದವರು ಇನ್ನೂ ಬರುತ್ತಲೇ ಇದ್ದರು.

"ಭಾವ, ಅವ್ರ ವೋಟಿಲ್ದೆ ನಾವು ಗೆಲ್ಲಾಕಾಯ್ತದಾ?" ಎನ್ನುತ್ತಿದ್ದರು ಮಾವ. "ಒಂದು ವಾರ್ಡು ಅವ್ರಿಗೆ ಬುಟ್ಟುಕೊಡಾವ. ಪಕ್ಷ ಅಗಲ ಆಯ್ತದೆ. ನಮ್ ಮಾತಲ್ಲೇ ಇರ್ತರೆ."

"ಗೆಲ್ಲಾಕೆ ಅಂತ ಕಟ್ಟಿದ್ದಾ ಪಕ್ಷನ? ನಮ್ಮದನ್ನ ಕಾಯಾಕೆ ಕಟ್ಟಿದ್ದು."

"ಕಾಯಾಕೂ ಪಂಚಾಯ್ತಿಲಿ ಆಳು ಬೇಕಲ್ಲ ಭಾವ. ಜಗಲಿ ಮ್ಯಾಲೆ ಕೂತ್ಕೊಂಡೇ ಕಾಯ್ತಿರಾ?"

"ನೀನು ಹಿಂಗೇ ಅಗಲ ಮಾಡ್ಕೊಂಡೋದ್ರೆ, ಕಡೇಗೆ ಈ ಪಕ್ಷಕ್ಕೆ ನಾನೇ ಹೊಸಬ ಆಯ್ತೀನಿ ಕಣಯ್ಯ."

ಜಗಲಿಯಲ್ಲಿದ್ದವರು ನಗುತ್ತಿದ್ದರು. ಒಳಗೆ ಬಾಗಿಲ ಮರೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ನಾನೂ ನಕ್ಕಿದ್ದುಂಟು. ಇಬ್ಬರ ಮಾತಿನಲ್ಲಿಯೂ ಹುರುಳಿದೆ ಎಂದೇ ಆಗ ನನಗೆ ತೋರಿತ್ತು. ಸ್ವಭಾವದಿಂದ ನಾನು ಅಪ್ಪನ ಕಡೆಯವಳು. ಬೇಗ ಬೇಗ ಬದಲಾಗುವುದು ನನಗೆ ಹಿಡಿಸುವುದಿಲ್ಲ. ನನ್ನ ಪುಸ್ತಕಗಳು ಇಟ್ಟಲ್ಲೇ ಇರಬೇಕು, ನನ್ನ ಯೋಚನೆಗಳು ನನ್ನಲ್ಲೇ ಇರಬೇಕು ಎನ್ನುವವಳು ನಾನು. ಹಳೆಯದನ್ನು ಉಳಿಸಬೇಕೆನ್ನುವ ಪಕ್ಷವನ್ನು ಕಂಡರೆ ನನಗೆ ಅಸಡ್ಡೆ ಇರಲಿಲ್ಲ. ಮುಂದೆ ನನಗೆ ಬಂದ ಸಿಟ್ಟು ಪಕ್ಷದ ಹೊರಗಿನವಳ ಸಿಟ್ಟಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಸಂಗತಿಯನ್ನು ಮಾತ್ರ ಜಗಲಿಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನ್ನ ಅಜ್ಜ ಕಬಿನಿಯ ಆಚೆಯಿಂದ, ಹೆಗ್ಗಡದೇವನಕೋಟೆಯ ಕಡೆಯಿಂದ, ಒಂದು ಜೊತೆ ಎತ್ತು ಹೊಡೆದುಕೊಂಡು ಹೊಳೆ ದಾಟಿ ಬಂದವರು. ಜಗಲಿಯ ಮೇಲೆ ಕೂತವರೆಲ್ಲರ ಅಜ್ಜಂದಿರೂ ಹಾಗೆಯೇ ಬಂದವರು. ಇಲ್ಲಿಯ ಹಳಬರು ಕುರುಮರು ಮತ್ತು ಕಾಡಿನ ಇತರ ಜನ. ಅವರನ್ನು ಸಭೆಗೆ ಕರೆಯುವ ಪದ್ಧತಿ ನಮ್ಮ ಪಕ್ಷಕ್ಕಿರಲಿಲ್ಲ. ಅವರನ್ನು ಮತದ ದಿನ ಕರೆದರೆ ಸಾಕಾಗಿತ್ತು.

ನಮ್ಮ ಗದ್ದೆಯ ಅಂಚಿನಲ್ಲಿ ಒಂದು ಕೇಣಿಯಿದೆ. ದಪ್ಪ ಬೈನೆ ಮರದ ಬುಡದ ತಿರುಳು ತೆಗೆದು, ಟೊಳ್ಳು ಮಾಡಿ, ಒರತೆಯ ಬಾಯಿಗೆ ಇಳಿಸಿದ ಪುಟ್ಟ ಬಾವಿ ಅದು. ಅಜ್ಜ ಬರುವುದಕ್ಕೆ ಎಷ್ಟೋ ಮೊದಲು ಕುರುಮರ ಹಿರಿಯರು ಇಳಿಸಿದ್ದು. ಬೇಸಿಗೆಯಲ್ಲಿಯೂ ಅದರ ನೀರು ಕೈಗೆಟಕುವಷ್ಟು ಮೇಲೆಯೇ ಇರುತ್ತದೆ. ಅದರ ಹತ್ತಿರ ಹೋಗುವವರು ಮೆಟ್ಟು ಬಿಟ್ಟು ಹೋಗಬೇಕು. ಸ್ವಂತ ಕೊಡವನ್ನು ಅದ್ದಬಾರದು. ಪಕ್ಕದ ಗೂಟಕ್ಕೆ ತೂಗುಹಾಕಿದ ಸೋರೆ ಬುರುಡೆಯಿಂದಲೇ ಮೊಗೆದು ತುಂಬಿಕೊಳ್ಳಬೇಕು. ಅಡುಗೆಗೆ, ಕುಡಿಯುವುದಕ್ಕೆ ಮಾತ್ರ ಆ ನೀರು. ಇನ್ನೊಂದು ನಡೆಯೂ ಇತ್ತು. ನೀರಿಗೆ ಬಂದವರನ್ನು ನೀನು ಯಾರು ಎಂದು ಕೇಳಬಾರದು. ಎತ್ತುಗಳೊಂದಿಗೆ ದಣಿದು ಬಂದ ಅಜ್ಜನನ್ನೂ ಅಲ್ಲಿ ಯಾರೂ ಕೇಳಲಿಲ್ಲವಂತೆ. ಈ ಕಥೆಯನ್ನು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ಗದ್ದೆಗೆ ನೇರ ಮೇಲಿನ ಗುಡಿಸಲಿನಲ್ಲಿ ಹೊಸಬರ ಒಂದು ಸಂಸಾರವಿತ್ತು. ಹೆಂಗಸು ನನ್ನಷ್ಟೇ ವಯಸ್ಸಿನವಳು, ಹಸುಗೂಸಿನ ತಾಯಿ. ಗಂಡ ಮಲೇರಿಯಾ ಹಿಡಿದು ಚಾಪೆ ಬಿಟ್ಟು ಏಳದ ಸ್ಥಿತಿಯಲ್ಲಿದ್ದ. ಆ ಬೇಸಿಗೆ ಗುಡ್ಡದಲ್ಲಿ ಅವರು ತೋಡಿಕೊಂಡ ಬಾವಿಗಳು ಬತ್ತಿದಾಗ ಅವಳು ಕೊಡ ಹಿಡಿದು ಕೇಣಿಗೆ ಇಳಿದಳು. ನಡೆ ಗೊತ್ತಿರಲಿಲ್ಲ. ಅಲ್ಯೂಮಿನಿಯಂ ಕೊಡವನ್ನೇ ನೀರಿಗೆ ಅದ್ದಿದಳು. ಅದನ್ನು ನಮ್ಮವರೊಬ್ಬರು ಕಂಡರು.

ಬುರುಡೆ ತೋರಿಸಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಹೇಳಲಿಲ್ಲ. ನೇರವಾಗಿ ನಮ್ಮ ಜಗಲಿಗೆ ಬಂದರು. ಅಂದು ಸಂಜೆ ಪಕ್ಷದ ಸಭೆ ಸೇರಿತು. ಗಟ್ಟಿಯಾಗಿ ನಿಲ್ಲುವುದೆಂದರೆ ಏನೆಂದು ಊರಿಗೆ ತೋರಿಸಲು ಇದೇ ಸಮಯವೆಂದು ಅಪ್ಪನ ಕಡೆಯವರು ಹೇಳಿದರು. ಮಾವ ಒಬ್ಬರೇ ಗೊಣಗಿದರು, ಅದೂ ವೋಟು ಹೋಗುತ್ತದೆಂದು. ಕೊನೆಗೆ ಕೇಣಿಗೆ ಹಲಸಿನ ಹಲಗೆಯ ಮುಚ್ಚಳ ಮಾಡಿಸಿ ಬೀಗ ಹಾಕುವುದೆಂದು ತೀರ್ಮಾನವಾಯಿತು. ಬೀಗದ ಕೈ ನಮ್ಮ ಮನೆಯಲ್ಲಿ. ಬೆಳಿಗ್ಗೆ ಸ್ವಲ್ಪ ಹೊತ್ತು ತೆಗೆಯುವುದು, ನಮ್ಮ ಮನೆಗಳವರು ತುಂಬಿಕೊಂಡ ಮೇಲೆ ಮುಚ್ಚುವುದು. "ಕುರುಮರೂ ಆಗ್ಲೇ ಬಂದು ತಕ್ಕೊಂಡೋಗ್ಲಿ, ಪಾಪ," ಎಂದರು ಅಪ್ಪ. ಅವರ ಕೇಣಿಯ ನೀರನ್ನು ಅವರಿಗೇ ದಾನ ಮಾಡುವಷ್ಟು ಧಾರಾಳತನ ಅಪ್ಪನಿಗಿತ್ತು.

ಎಲ್ಲರೂ ಹೋದ ಮೇಲೆ ನಾನು ಅಪ್ಪನನ್ನು ಕೇಳಿದೆ.

"ಅಪ್ಪ, ಕೇಣಿಗೆ ಯಾವತ್ತಾದ್ರೂ ಮುಚ್ಚಳ ಇತ್ತಾ?"

"ಇರ್ನಿಲ್ಲ."

"ಮತ್ತೆ ಇದು ಯಾವ ಹಿರೀಕರ ನಡೆ?"

"ಕಾಲ ಕೆಟ್ಟಾಗ ನಡೆ ಉಳಿಸ್ಕಳಾಕೆ ಒಂದೊಂದು ಹೊಸದು ಮಾಡ್ಬೇಕಾಯ್ತದೆ ಕಣವ್ವ. ಅದೆಲ್ಲ ಮೈಸೂರಲ್ಲಿ ಹೇಳ್ಕೊಡಾಕಿಲ್ಲ."

ಮುಚ್ಚಳ ಬಿದ್ದ ಮರುದಿನ ಬೆಳಿಗ್ಗೆ ಮಾವ ಬೀಗ ತೆಗೆದು ಕಾದರು. ಕುರುಮರು ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಾಯಿ ಮುಚ್ಚಿದ ಕೇಣಿಯ ನೀರನ್ನು ಅವರು ಒಲೆಯ ಮೇಲೆ ಇಡುವುದಿಲ್ಲವಂತೆ. ಅವರ ಪಾಲಿಗೆ ಅದು ತೀರಿಹೋದ ಕೇಣಿ. ಜಗಳವಾಡಲಿಲ್ಲ, ದೂರಲಿಲ್ಲ. ಕಾಡಿನಂಚಿನಲ್ಲಿ ದೂರದ ಇನ್ನೊಂದು ಒರತೆಗೆ ಅವರ ಹೆಂಗಸರು ಹೋಗತೊಡಗಿದರು. ಯಾವ ನಡೆಯನ್ನು ಕಾಯುತ್ತೇವೆಂದು ನಮ್ಮ ಪಕ್ಷ ಬೀಗ ಹಾಕಿತೋ, ಆ ನಡೆಯನ್ನು ಹುಟ್ಟಿಸಿದವರೇ ಅಲ್ಲಿಂದ ಎದ್ದುಹೋದರು. ಜಗಲಿಯಲ್ಲಿ ಈ ವಿಷಯ ಬಂದಾಗ ಒಬ್ಬರು, "ಅವ್ರೆಲ್ಲೋಯ್ತರೆ ಬುಡಿ, ಅವ್ರ ವೋಟು ನಮ್ಮದೇ," ಎಂದರು. ಮಾತು ಅಲ್ಲಿಗೆ ನಿಂತಿತು.

ಮೇಲಿನ ಗುಡಿಸಲಿನವಳು ತೋಡಿಗೆ, ಅಂದರೆ ಕೆಳಗಿನ ಹಳ್ಳಕ್ಕೆ, ಇಳಿಯಬೇಕಾಯಿತು. ಆನೆಗಳು ಕಲಕಿ ಹೋದ ನೀರು. ಮಗುವನ್ನು ಜ್ವರದ ಗಂಡನ ಪಕ್ಕ ಮಲಗಿಸಿ, ಬಿಸಿಲೇರುವವರೆಗೆ ಕಾದು, ಆನೆಗಳಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋಗಿ ಬರುತ್ತಿದ್ದಳು. ಕೆಲವು ದಿನಗಳಲ್ಲಿ ಮಗುವಿಗೆ ಭೇದಿ ಹತ್ತಿತು. ನಮ್ಮ ಮನೆಯ ಕೊಡದಿಂದ ನಾನು ಅವಳಿಗೆ ನೀರು ಕೊಟ್ಟೆ. ತೆಗೆದುಕೊಂಡಳು. ಕೆಲವು ಸಲವಾದ ಮೇಲೆ ಬರುವುದನ್ನು ನಿಲ್ಲಿಸಿದಳು. ನಾನೇ ಒಯ್ದು ಕೊಡಲು ಹೋದಾಗ, ಬೇಡ ಚೇಚಿ, ಎಂದು ನನ್ನನ್ನು ಅಕ್ಕನೆಂದೇ ಕರೆದು ಹೇಳಿದಳು. ದಿನಾ ಬೆಳಗಾದರೆ ಒಬ್ಬರ ಬಾಗಿಲಿಗೆ ಹೋಗಿ ನೀರು ಬೇಡುವುದು ಎಷ್ಟು ಕಷ್ಟವೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಗುವಿನ ಕಣ್ಣುಗಳು ಒಳಗೆ ಹೋಗಿದ್ದವು. ಅದಕ್ಕೆ ಬೇಕಾಗಿದ್ದದ್ದು ಒಳ್ಳೆಯ ನೀರು. ಅದು ಅವರ ಅಂಗಳದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಹಲಗೆಯ ಕೆಳಗಿತ್ತು.

ಮತದ ದಿನ ಹತ್ತಿರವಾದಂತೆ ಮಾವನ ಮಾತಿಗೆ ಬೆಲೆ ಬಂತು. "ಬೀಗ ತೆಗ್ಯಾವ. ಆದ್ರೆ ನಾವೇ ಮನಸ್ಸು ಮಾಡಿ ತೆಗ್ದಂಗೆ ಕಾಣ್ಬೇಕು. ಪಕ್ಷದ ಕಡೆಯಿಂದ ನೀರು ಅಂತ," ಎಂದರು. ಅಪ್ಪ ಒಪ್ಪಲಿಲ್ಲ. ಆ ಸಂಜೆಯೆಲ್ಲ ವಾದ ನಡೆಯಿತು. ಕೊನೆಗೆ ಯಾರೋ ನಡುವಿನ ದಾರಿಯೊಂದನ್ನು ಹುಡುಕಿಕೊಟ್ಟರು. ವೋಟಾಗುವ ತನಕ ತೆಗೆದಿಡೋಣ, ಆಮೇಲೆ ಮುಚ್ಚೋಣ. ಅಪ್ಪ ತಲೆಯಾಡಿಸಿದರು. ಮಾವನೂ ತಲೆಯಾಡಿಸಿದರು. ಗಟ್ಟಿಯಾಗಿ ನಿಲ್ಲಬೇಕೆನ್ನುವವರೂ ಅಗಲವಾಗಿ ಹರಡಬೇಕೆನ್ನುವವರೂ ಇಷ್ಟು ದಿನ ಜಗಳವಾಡಿ ಕೊನೆಗೆ ಒಂದಾದದ್ದು ಇದೊಂದು ಮಾತಿನಲ್ಲಿ.

ಆಗ ಬಂದ ಸಿಟ್ಟು ನನಗೆ ಅದಕ್ಕೆ ಮೊದಲು ಯಾವತ್ತೂ ಬಂದಿರಲಿಲ್ಲ. ಎಲ್ಲರದಾಗಿದ್ದುದನ್ನು ಕಿತ್ತುಕೊಂಡು ಕೈಯಲ್ಲಿಟ್ಟುಕೊಳ್ಳುವುದು, ಆಮೇಲೆ ಅದನ್ನೇ ಚೂರು ಚೂರು ಉಡುಗೊರೆ ಕೊಡುವುದು. ಹಳೆಯದನ್ನು ಕಾಯುವ ಪಕ್ಷಕ್ಕೆ ತಾನು ಕಾಯುತ್ತಿರುವುದು ಏನೆಂದು ಮೊದಲು ಗೊತ್ತಿರಬೇಡವೇ? ಬುರುಡೆಯಿಂದ ಮೊಗೆಯಬೇಕೆಂಬುದು ಕೇಣಿಯ ನಡೆ ಎಂದಾದರೆ, ಬಂದವರನ್ನು ಯಾರು ಎಂದು ಕೇಳಬಾರದೆಂಬುದೂ ಅದೇ ಕೇಣಿಯ ನಡೆ. ನಮಗೆ ಅನುಕೂಲವಾದದ್ದನ್ನು ಮಾತ್ರ ಹಿರೀಕರದು ಎಂದು ಹಿಡಿದು, ಉಳಿದದ್ದನ್ನು ಮರೆಯುವುದು ಗಟ್ಟಿತನವಲ್ಲ. ಇನ್ನು ಗುಡಿಸಲಿನವರ ಬಾಯಾರಿಕೆ ನೋಡಿ ಮತ ಕೇಳುವುದು ಅಗಲವಾಗುವುದೂ ಅಲ್ಲ. ಯಾವುದರಲ್ಲಿ ಅಲುಗಬಾರದಿತ್ತೋ ಅದರಲ್ಲಿ ಅಲುಗಿದರು. ಯಾವುದರಲ್ಲಿ ಸಡಿಲಾಗಬೇಕಿತ್ತೋ ಅದರಲ್ಲಿ ಬಿಗಿಯಾದರು. ಇದನ್ನು ರಾಜಕೀಯ ಎಂದು ಕರೆದುಕೊಂಡರು.

ಹೆಂಗಸರಿಗೆ ಮಲಯಾಳದಲ್ಲಿ ನಾಲ್ಕು ಮಾತು ಹೇಳಲು ನಾನೇ ಬರಬೇಕೆಂದು ಮಾವ ಹೇಳಿದರು. "ನೀನು ಮಲಯಾಳದ ಇಸ್ಕೂಲಲ್ಲಿ ಓದ್ದೋಳು, ನಿಂಗೆ ನೆಟ್ಟಗೆ ಬತ್ತದೆ. ಮೊದಲ್ನೇ ಕೊಡ ನೀನೇ ತುಂಬ್ಸು. ಆಮ್ಯಾಕೆ ವೋಟು ಕೇಳು." ಬರುತ್ತೇನೆಂದೆ. ಏನು ಹೇಳುತ್ತೇನೆಂದು ಹೇಳಲಿಲ್ಲ.

ಬೀಗ ತೆಗೆಯುವ ದಿನ ಬೆಳಗಿನ ಹೊತ್ತು ಕೇಣಿಯ ಸುತ್ತ ಬಿದಿರು ನೆಟ್ಟು ಮಾವಿನೆಲೆಯ ತೋರಣ ಕಟ್ಟಿದ್ದರು. ಗುಡ್ಡದ ಹೆಂಗಸರು ಬದುವಿನ ಮೇಲೆ ಸಾಲಾಗಿ, ಕೊಡ ಹಿಡಿದು, ಬರಿಗಾಲಲ್ಲಿ ನಿಂತಿದ್ದರು. ಹಲಗೆ ಎತ್ತಿದಾಗ ಹಳಸಲು ವಾಸನೆ ಬಂತು. ದಿನವಿಡೀ ಮೊಗೆಯುವವರಿಲ್ಲದೆ ನೀರಿನ ಮೇಲೆ ತೆಳುವಾದ ಪೊರೆ ಕಟ್ಟಿತ್ತು. ಆಳುಗಳು ಅದನ್ನು ಮೊಗೆದು ಚೆಲ್ಲಿ, ಹೊಸ ನೀರು ಊರುವವರೆಗೆ ಎಲ್ಲರೂ ಕಾಯಬೇಕಾಯಿತು. ಅಷ್ಟು ಹೊತ್ತೂ ಮಾವ ಭಾಷಣ ಮಾಡಿದರು.

ನಾನು ಬುರುಡೆ ತೆಗೆದುಕೊಂಡೆ. ಮೊದಲು ಬಂದವಳು ಮೇಲಿನ ಗುಡಿಸಲಿನವಳೇ. ಮಗು ಅವಳ ಹೆಗಲಿನ ಮೇಲೆ ಅಳುವುದಕ್ಕೂ ತ್ರಾಣವಿಲ್ಲದೆ ಒರಗಿತ್ತು. ಕೊಡ ಕೆಳಗಿಡದೆ ಅವಳು ನನ್ನನ್ನು ಮೆಲ್ಲಗೆ ಕೇಳಿದಳು.

"ಚೇಚಿ, ವೋಟ್ ಕಳಿಞ್ಞಾಲ್ ಪಿನ್ನೆಯುಂ ಪೂಟ್ಟುಮೋ?"

ವೋಟು ಮುಗಿದರೆ ಮತ್ತೆ ಬೀಗ ಹಾಕುತ್ತಾರೆಯೇ ಎಂಬುದು ಅವಳ ಪ್ರಶ್ನೆ. ಮಾವ ಕೇಳಿಸಿಕೊಂಡರು, ಕೇಳಿಸದವರಂತೆ ತೋರಣ ಸರಿಮಾಡಿದರು. ನಾನು ಅಪ್ಪನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದೆ.

"ಅಪ್ಪ, ವೋಟಾದ ಮೇಲೆ ಮತ್ತೆ ಬೀಗ ಹಾಕ್ತೀರಾ ಅಂತ ಕೇಳ್ತಿದ್ದಾಳೆ. ಏನು ಹೇಳ್ಲಿ?"

ಅಪ್ಪ ಮಗುವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಮುಖದಲ್ಲಿದ್ದದ್ದು ಕರುಣೆಯೋ ಅವಮಾನವೋ ನನಗೆ ಇಂದಿಗೂ ಗೊತ್ತಿಲ್ಲ.

"ಹಾಕಾಕಿಲ್ಲ ಅನ್ನು," ಎಂದರು.

ನಾನು ಮಲಯಾಳದಲ್ಲಿ ಹಾಗೆಯೇ ಹೇಳಿದೆ. ಇದು ಪಕ್ಷದ ನೀರಲ್ಲ, ಕುರುಮರು ಇಳಿಸಿದ ಕೇಣಿ, ನನ್ನ ಅಜ್ಜನೂ ನಿಮ್ಮಂತೆಯೇ ಬಂದು ಇದನ್ನು ಕುಡಿದವರು ಎಂದೂ ಹೇಳಿದೆ. ಬುರುಡೆಯಿಂದ ಹೇಗೆ ಮೊಗೆಯಬೇಕೆಂದು ತೋರಿಸಿಕೊಟ್ಟೆ. ಮತ ಕೇಳಲಿಲ್ಲ.

ಪಕ್ಷ ಸೋತಿತು. ಜಗಲಿಯಲ್ಲಿ ಮತ್ತೆ ಸಭೆ. ಬೀಗ ತೆಗೆದದ್ದಕ್ಕೆ ನಮ್ಮವರೇ ಮುನಿಸಿಕೊಂಡು ಮತ ಹಾಕಲಿಲ್ಲ, ಅದಕ್ಕೆ ಸೋತೆವು ಎಂದು ಒಂದು ಕಡೆಯವರು. ತಡವಾಗಿ ತೆಗೆದೆವು, ಅದಕ್ಕೆ ಸೋತೆವು ಎಂದು ಇನ್ನೊಂದು ಕಡೆಯವರು. ಬೀಗ ಹಾಕಿದ್ದೇ ತಪ್ಪು ಎಂದು ಯಾರ ಬಾಯಿಂದಲೂ ಬರಲಿಲ್ಲ. ಕುರುಮರು ಈ ಸಲ ಮತಗಟ್ಟೆಗೇ ಬಂದಿರಲಿಲ್ಲವೆಂದು ಒಬ್ಬರು ನೆನಪಿಸಿದರು. ಅದು ಅವರ ಸೋಮಾರಿತನವೆಂದು ಇತ್ಯರ್ಥವಾಯಿತು.

"ಹೆಂಗಿದ್ರೂ ಸೋತಾಯ್ತು," ಎಂದರು ಮಾವ. "ಇನ್ನ್ಯಾಕೆ ಅವ್ರಿಗೆ ನೀರು? ಆ ಹಲ್ಗೆ ತಂದು ಹಾಕಿಸ್ತೀನಿ. ಎಲ್ಲದೆ ಅದು?"

ಹಲಗೆಯನ್ನು ನಮ್ಮ ಬಚ್ಚಲ ಗೋಡೆಗೆ ಒರಗಿಸಿಟ್ಟಿದ್ದರು. ಆ ಮಧ್ಯಾಹ್ನ ನಾನು ಕೊಡಲಿ ತಂದು ಅದನ್ನು ಸೀಳಿದ್ದೆ. ನನಗೆ ಅಭ್ಯಾಸವಿಲ್ಲದ ಕೆಲಸ, ಅಂಗೈ ಬೊಬ್ಬೆ ಎದ್ದಿತ್ತು. ಅವ್ವ ಬಂದು ನೋಡಿ, ಬೇಡವೆನ್ನಲಿಲ್ಲ. "ಹಲಸು, ಒಳ್ಳೆ ಉರೀತದೆ," ಎಂದಷ್ಟೇ ಹೇಳಿ ಒಳಗೆ ಹೋದಳು.

ಹಾಗಾಗಿ ನಾನು ಬಾಗಿಲಿಗೆ ಬಂದು ನಿಂತು, "ಹಂಡೆಯ ಒಲೆಯಲ್ಲಿದೆ ಮಾವ. ನೀರು ಕಾದಿದೆ. ಸ್ನಾನ ಮಾಡ್ಕೊಂಡೇ ಹೋಗಿ," ಎಂದೆ.

"ನೋಡಿ ಭಾವ, ಓದ್ಸಿದ್ದಕ್ಕೆ," ಎಂದರು ಮಾವ. ಅಪ್ಪ ನನ್ನ ಕಡೆ ನೋಡಲಿಲ್ಲ.

"ಹಾಕಾಕಿಲ್ಲ ಅಂತ ಅವತ್ತೇ ಹೇಳಿದ್ದೀನಿ," ಎಂದು ಮಾವನಿಗೆ ಹೇಳಿ, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಬಚ್ಚಲಿಗೆ ನಡೆದರು. ಅದಾದ ಮೇಲೆ ಬಹಳ ದಿನ ಅವರು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದರು.

ಕೇಣಿ ತೆರೆದೇ ಇದೆ. ಮಗು ಈಗ ಅಮ್ಮನ ಹಿಂದೆ ಬದುವಿನ ಮೇಲೆ ನಡೆದು ಬರುತ್ತದೆ, ಬುರುಡೆಗೆ ಕೈ ಚಾಚುತ್ತದೆ. ಕುರುಮರು ಮಾತ್ರ ತಿರುಗಿ ಬಂದಿಲ್ಲ. ಅವರ ಹೆಂಗಸರು ಈಗಲೂ ನಮ್ಮ ಗದ್ದೆಯ ಅಂಚಿನಲ್ಲೇ ಹಾದು, ತುಂಬಿದ ಕೇಣಿಯನ್ನು ಬದಿಗೆ ಬಿಟ್ಟು, ಕಾಡಿನ ಒರತೆಗೆ ಹೋಗುತ್ತಾರೆ. ಹೋಗಿ ಅವರನ್ನು ಕರೆಯೋಣವೆಂದು ನಾನು ಎರಡು ಸಲ ಜಗಲಿಯಲ್ಲಿ ಹೇಳಿದೆ. ಅದನ್ನು ಮುಂದಿನ ಚುನಾವಣೆ ಬಂದಾಗ ನೋಡೋಣ ಎಂದರು.