ವೀರಭದ್ರಮ್ಮನ ಪಾಲಿನ ಕೋಳಿಗಳು

ಕುರುಗೋಡಿನ ವೀರಭದ್ರಮ್ಮನ ಆಚಾರವೆಂದರೆ ಓಣಿಗೆ ಓಣಿಯೇ ಹೆದರುತ್ತಿತ್ತು. ಪೂಜೆ ಮುಗಿಯುವ ತನಕ ಗಂಡ ಮರಿಬಸಪ್ಪನೂ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಂಥವಳ ಮನೆಯಲ್ಲಿ, ಎಪ್ಪತ್ತನಾಲ್ಕನೇ ಇಸವಿಯ ಮಾಘದಲ್ಲಿ, ಪಕ್ಕದ ಗಾದೆಮ್ಮನ ಕೋಳಿ ದಿನಾ ಕದ್ದು ಕಿಟಕಿಯಿಂದ ನುಗ್ಗಿ, ಬಳ್ಳಾರಿಗೆ ಹೋಗಬೇಕಿದ್ದ ಹತ್ತಿಯ ರಾಶಿಯಲ್ಲೇ ಹತ್ತು ತತ್ತಿಯಿಟ್ಟು ಕಾವಿಗೆ ಕೂತುಬಿಟ್ಟಿತು!

"ಗಾದೆಮ್ಮಾ, ನಿನ್ನ ಪೀಡಾ ಎತ್ಗೊಂಡು ಹೋಗಲೇ!"

ನಾಲ್ಕು ದಿನದಿಂದ ಕೋಳಿ ಕಾಣದೆ ಆಸೆ ಬಿಟ್ಟಿದ್ದ ಗಾದೆಮ್ಮ ಓಡಿ ಬಂದಳು. "ಎಬ್ಬಿಸಿದ್ರ ತತ್ತಿ ಕೆಡ್ತಾವ್ರಿ ಅಕ್ಕಾರ. ಮರಿ ಆಗೋತನಕ ತಡಕೋರಿ. ಕಾವಿಗೆ ಜಾಗ ಕೊಟ್ಟವ್ರಿಗೆ ಮರ್ಯಾಗ ಅರ್ಧ ಪಾಲು, ಅದು ನಮ್ಮ ರೂಢಿ."

"ಪಾಲು ತಗೊಂಡು ನಾನೇನು ಸಾರು ಮಾಡ್ಲೇನು?"

ಬೈದದ್ದು ಬಾಯಿ ಮಾತ್ರ. ಗಾದೆಮ್ಮ ಹೊಲಕ್ಕೆ ಹೋದ ಹೊತ್ತಿನಲ್ಲಿ ನುಚ್ಚು ಎರಚಿ ನೀರಿಡುವವಳು ವೀರಭದ್ರಮ್ಮನೇ ಆದಳು. ಮರಿಬಸಪ್ಪ ಹತ್ತಿ ಹೇರಲು ಗಾಡಿ ತಂದಾಗ ಬಾಗಿಲಿಗೆ ಅಡ್ಡ ನಿಂತಳು. "ಬಾಣಂತಿನ ಎಬ್ಬಿಸ್ತೀರೇನ್ರಿ? ಗಾಡಿ ಆಮ್ಯಾಲೆ ಹೂಡ್ರಿ."

ಹದಿನೆಂಟನೆಯ ದಿನ ಗಾದೆಮ್ಮ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ತತ್ತಿಗಳನ್ನು ತೇಲಿಬಿಟ್ಟಳು. ಎರಡು ಸುಮ್ಮನಿದ್ದವು. ಉಳಿದ ಎಂಟು ತಾವಾಗಿಯೇ ಅಲುಗಾಡಿದವು.

"ಒಳಗ ಜೀವ ಒದ್ಯಾಕತ್ತೈತ್ರಿ."

ವೀರಭದ್ರಮ್ಮ ಮೂರು ಹೆತ್ತವಳು. ಆ ಒದೆತ ಅವಳ ಹೊಟ್ಟೆಗೇ ತಾಗಿತು. ತತ್ತಿ ಕಂಡರೆ ಮಾರು ದೂರ ಸರಿಯುತ್ತಿದ್ದವಳು ಬೋಗುಣಿಯ ಮುಂದೆ ಕುಕ್ಕರಿಸಿ ಕೂತು, ಕಣ್ಣು ತುಂಬಿಕೊಂಡು ನೋಡಿದಳು.

"ಮಾರ್ನಮಿಗೆ ಅಳಿಯ ಬರ್ತಾನ. ಅಷ್ಟೊತ್ತಿಗೆ ಇವು ಬಲೀತಾವ," ಎಂದಳು ಗಾದೆಮ್ಮ ಹಿಗ್ಗಿನಿಂದ.

ವೀರಭದ್ರಮ್ಮ ಬೋಗುಣಿಗೆ ಕೈ ಅಡ್ಡ ಹಿಡಿದಳು. "ನನ್ನ ಪಾಲು ನನಗ ಬೇಕು," ಎಂದಳು.

ಎಂಟೂ ಒಡೆದು ಎಂಟು ಮರಿ ಬಂದವು, ಎಲ್ಲವೂ ತಾಯಿಯಂತೆ ಕೆಂಪಗೆ. "ನಿಮ್ಮ ನಾಕಕ್ಕ ಕಾಲಿಗೆ ದಾರ ಕಟ್ರಿ," ಎಂದಳು ಗಾದೆಮ್ಮ.

"ಕೋಳಿ ಮುಟ್ಟಂತೀಯೇನು? ನಾನೇ ಗುರ್ತು ಹಿಡೀತೀನಿ. ನಿನ್ನ ಹಿತ್ತಲದಾಗ ಬೆಳೀಲಿ."

ಮಾರ್ನಮಿ ಬಂತು, ಅಳಿಯನೂ ಬಂದ. ಗಾದೆಮ್ಮ ಒಂದು ಕೋಳಿ ಹಿಡಿದಳು.

"ಅದು ನಂದು!" ಕಟ್ಟೆಯ ಮೇಲಿಂದ ವೀರಭದ್ರಮ್ಮ ಕೂಗಿದಳು.

ಬಿಟ್ಟು ಇನ್ನೊಂದು ಹಿಡಿದಳು. ಅದೂ ವೀರಭದ್ರಮ್ಮನದೇ. ಮೂರನೆಯದೂ, ನಾಲ್ಕನೆಯದೂ.

"ಅಕ್ಕಾರ, ನಿಮ್ಮವು ನಾಕ! ಇದು ಐದನೇದು!"

"ಅದೂ ನಂದ ಐತಿ. ಹಂಗಾರ ಮದ್ಲು ಹಿಡಿದಿದ್ದು ನಿಂದಿರಬೇಕು, ನನ್ನ ಕಣ್ಣು ಮೋಸ ಹೋಗೈತಿ. ಅದನ್ನ ಹಿಡಿ, ಹೋಗು."

ಗಾದೆಮ್ಮ ತಿಪ್ಪೆಯತ್ತ ನೋಡಿದಳು. ಕೆಂಪು ಕೋಳಿಗಳು ಒಂದರ ಮೇಲೊಂದು ಬಿದ್ದು ಕೆದಕುತ್ತಿದ್ದವು. ಮೊದಲು ಹಿಡಿದದ್ದು ಯಾವುದು? ಅವಳು ಅಲ್ಲೇ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಅಳಿಯಗ ಏನ್ ನೀಡ್ಲಿ ನಮ್ಮವ್ವಾ?"

"ಹೋಳಿಗಿ ಮಾಡೀನಿ. ತುಪ್ಪನೂ ನಾನೇ ತರ್ತೀನಿ."

ಮುಖ ಸಣ್ಣದು ಮಾಡಿಕೊಂಡು ಎಲೆಯ ಮುಂದೆ ಕೂತ ಅಳಿಯ ಒಂಬತ್ತು ಹೋಳಿಗೆ ತಿಂದು ಎದ್ದ.